ನೀರು ಕಾಣದ ಮುಳುಗು ವಾಚು

ನಮ್ಮ ಮನೇಲಿ ಒಂದು ವಾಚಿದೆ. ಸ್ವಿಟ್ಜರ್ಲೆಂಡಿನದು. ಸಮುದ್ರದ ತಳಕ್ಕೆ ಇಳಿಯೋರು ಕಟ್ಕೊಳ್ಳಲಿ ಅಂತ ಮಾಡಿದ್ದು. ಈಗ ಅದು ಶಿರಾದ ನನ್ನ ಟೈಲರಿಂಗ್ ಅಂಗಡೀಲಿ, ಅಳತೆ ಟೇಪಿನ ಪಕ್ಕದ ಮೊಳೆಗೆ ನೇತಾಡ್ತಾ ಇದೆ. ನಮ್ಮ ಕಡೆ ನೀವು ಬಂದಿದ್ರೆ ಈಗಾಗಲೇ ನಕ್ಕಿರ್ತೀರ. ನಲ್ಲೀಲಿ ನೀರು ಬಂತು ಅಂದ್ರೆ ಒಲೆ ಮೇಲಿನ ಸಾರನ್ನ ಬಿಟ್ಟು ಬಿಂದಿಗೆ ಹಿಡ್ಕೊಂಡು ಓಡೋ ಜನ ನಾವು. ನಮಗ್ಯಾಕೆ ಮುಳುಗೋರ ವಾಚು? ಆದರೂ ಇದೆ. ಮನೇಲಿ ಅದರ ಹೆಸರೇ ಮುಳುಗು ವಾಚು.

ಮೊನ್ನೆ ಬ್ಲೌಸ್ ಅಳತೆ ಕೊಡೋಕೆ ಬಂದ ಕಾಲೇಜು ಹುಡುಗಿ ಅದನ್ನ ಕೈಗೆ ತಗೊಂಡು ಹೌಹಾರಿದ್ಲು. "ಏನಾಂಟಿ ಇಷ್ಟು ಭಾರ! ತೂಕದ ಕಲ್ಲಾ?" ಅಂದ್ಲು. "ಕೈ ಎತ್ತು, ತೋಳಿನ ಅಳತೆ ತಗೋಬೇಕು" ಅಂದೆ. ನನಗೆ ಮೂಗಿನ ತುದೀಲಿ ಕೋಪ, ಊರಿಗೆಲ್ಲ ಗೊತ್ತು. ಆದರೆ ಆ ಹುಡುಗಿ ಹೋದ ಮೇಲೆ ಅವಳ ಬ್ಲೌಸಿನ ಕತ್ತು ಎರಡು ಸಲ ತಪ್ಪು ಕತ್ತರಿಸಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಅದು ತೂಕದ ಕಲ್ಲೇ.

ಅಬ್ಬಾನ ಅಣ್ಣ, ನಮ್ಮ ಬಡೇ ಅಬ್ಬಾ, ಕೊಲ್ಲಿಯ ಯಾವುದೋ ಬಂದರಿನಲ್ಲಿ ಹಡಗಿನ ಹೊಟ್ಟೆ ಉಜ್ಜೋ ಕೆಲಸದಲ್ಲಿದ್ರು. ಅಲ್ಲೊಬ್ಬ ವಯಸ್ಸಾದ ಮುಳುಗುಗಾರ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋಗುವಾಗ, ಎಷ್ಟೋ ವರ್ಷ ಕಟ್ಟಿ ಸವೆಸಿದ ವಾಚನ್ನ ಇವರ ಕೈಗೆ ಹಾಕಿ ಹೋದನಂತೆ. ಬಡೇ ಅಬ್ಬಾಗೆ ಅದು ಮಣಿಕಟ್ಟಿಗೆ ದೊಡ್ಡದು. ರಜಕ್ಕೆ ಬಂದಾಗ ತಮ್ಮನಿಗೆ ಕೊಟ್ರು. "ತಗೋ ಖಾದರ್, ನೀನೂ ಮುಳುಗೋನೇ, ಇದೂ ಮುಳುಗೋದೇ" ಅಂದ್ರಂತೆ.

ನಮ್ಮ ಅಬ್ಬಾ ಮುಳುಗ್ತಿದ್ದದ್ದು ಸಮುದ್ರದಲ್ಲಲ್ಲ, ಬಾವೀಲಿ. ಅವರು ಮೋಟ್ರು ರಿಪೇರಿಯವರು. ಆಗಿನ್ನೂ ನಮ್ಮ ಕಡೆ ತೆರೆದ ಬಾವಿಗಳಲ್ಲಿ ನೀರಿತ್ತು. ಬಾವಿಯ ದಡದಲ್ಲಿ ಮೋಟ್ರು, ಅಲ್ಲಿಂದ ನೀರೊಳಗೆ ಇಳಿದ ಪೈಪು, ಪೈಪಿನ ಬುಡದಲ್ಲಿ ಒಂದು ಜಾಲರಿ. ಅದನ್ನ ಫುಟ್‌ವಾಲ್ವ್ ಅಂತಾರೆ. ಆ ಜಾಲರಿಗೆ ಕೆಸರು, ಎಲೆ, ಸತ್ತ ಕಪ್ಪೆ ಸಿಕ್ಕಿಕೊಂಡ್ರೆ ಮೋಟ್ರು ಎಷ್ಟು ಗೋಳಾಡಿದ್ರೂ ನೀರು ಮೇಲೇಳಲ್ಲ. ಯಾರಾದ್ರೂ ಮುಳುಗಿ ಕಿತ್ತು ತೆಗೀಬೇಕು. ಆ ಯಾರಾದ್ರೂ ಅನ್ನೋನೇ ಅಬ್ಬಾ. ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿನಿಂದ ಹಿಡಿದು ಕೊರಟಗೆರೆ, ಮಧುಗಿರಿ, ಅತ್ತ ಪಾವಗಡದ ಗಡಿವರೆಗೂ ಅವರು ಇಳಿಯದ ಬಾವಿ ಇರಲಿಲ್ಲ. ಕೆಲವು ಸಲ ಫುಟ್‌ವಾಲ್ವ್ ಬದಲು ಬೇರೇನೋ ಮೇಲೆ ಬರ್ತಿತ್ತು. ಅಂಥ ದಿನ ಅಬ್ಬಾ ಮನೆಗೆ ಬಂದು ಯಾರ ಜೊತೇಲೂ ಮಾತಾಡದೆ ಎರಡೆರಡು ಸಲ ಸ್ನಾನ ಮಾಡ್ತಿದ್ರು. ಅಮ್ಮಿ ಏನೂ ಕೇಳ್ತಿರಲಿಲ್ಲ. ನಾನು ಕೇಳಿದ್ರೆ ತಲೆ ಮೇಲೆ ಮೊಟಕ್ತಿದ್ಲು.

ಅಬ್ಬಾನ ಜೊತೆಗಾರ ಓಬಳಪ್ಪ ಮಾಮ. ಪಾವಗಡ ತಾಲ್ಲೂಕು, ನಿಡುಗಲ್ಲು ಬೆಟ್ಟದ ಬುಡದ ಹಳ್ಳಿಯವರು. ತೆಳ್ಳಗಿನ ಆಳು, ಬಾಯಲ್ಲಿ ಯಾವಾಗಲೂ ಎಲಡಿಕೆ, ಮಾತು ಅರ್ಧ ಕನ್ನಡ ಅರ್ಧ ತೆಲುಗು. ಅಬ್ಬಾನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಹಿಡಿದು ಬಾವಿ ಕಟ್ಟೆ ಮೇಲೆ ಕೂರೋದು ಅವರ ಕೆಲಸ. "ನಿಮ್ಮಪ್ಪಂದು ಈಜೋ ಕೆಲಸ, ನಂದು ಹಿಡಿಯೋ ಕೆಲಸ. ಹಿಡಿಯೋದೇ ಕಷ್ಟ ಕಣಮ್ಮ" ಅಂತ ನನ್ನ ಕಿವಿ ಹಿಂಡಿ ನಗ್ತಿದ್ರು.

ಈಗ ವಾಚಿನ ವಿಷಯಕ್ಕೆ ಬರ್ತೀನಿ. ಸ್ವಿಸ್ಸಿನೋರು ಎಷ್ಟು ತಲೆ ಖರ್ಚು ಮಾಡಿ, ಒಂದು ಹನಿ ನೀರೂ ನುಗ್ಗದ ಹಾಗೆ ತಿರುಪು ಹಾಕಿ ಮಾಡಿದ ಈ ವಾಚನ್ನ ನಮ್ಮ ಅಬ್ಬಾ ಏನು ಮಾಡ್ತಿದ್ರು ಗೊತ್ತಾ? ಬಾವಿಗೆ ಇಳಿಯೋ ಮುಂಚೆ ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ, ಓಬಳಪ್ಪ ಮಾಮನ ಕೈಗೆ ಕೊಡ್ತಿದ್ರು! ನೀರಿಗೆ ಇಳಿಯೋನು ಮೊದಲು ವಾಚು ಬಿಚ್ಚಬೇಕು. ನಮ್ಮ ಸೀಮೇಲಿ ಹುಟ್ಟಿದ ಮಗೂಗೂ ಗೊತ್ತಿರೋ ವಿಷಯ. ಮುಂದಿನ ಸಲ ರಜಕ್ಕೆ ಬಂದ ಬಡೇ ಅಬ್ಬಾ ಇದನ್ನ ಕಣ್ಣಾರೆ ನೋಡಿ ಕಟ್ಟೆ ಮೇಲೇ ಕೂತು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ರು.

"ಅರೇ ಪಾಗಲ್, ಇದು ನೀರಿಗೇ ಹುಟ್ಟಿದ್ದು ಕಣೋ! ಕಟ್ಕೊಂಡೇ ಇಳಿ!"

ಅಬ್ಬಾ ಸೊಂಟದ ಗಂಟು ಬಿಗಿ ಮಾಡ್ಕೊಳ್ತಾ ತಣ್ಣಗೆ ಹೇಳಿದ್ರಂತೆ, "ಭಾಯ್, ನಾನು ಕಟ್ಕೊಂಡು ಇಳಿದ್ರೆ ಮೇಲಿರೋನಿಗೆ ಟೈಮು ಗೊತ್ತಾಗೋದು ಹೆಂಗೆ? ಬಾವಿ ಒಳಗೆ ಕೆಸರು ಕದಡಿದ್ರೆ ನಂಗೆ ನನ್ನ ಕೈಯೇ ಕಾಣಲ್ಲ. ಇನ್ನು ವಾಚು ಕಾಣ್ತದಾ?"

ಬಡೇ ಅಬ್ಬಾನ ನಗು ಅಲ್ಲಿಗೇ ನಿಂತಿತು. ಅಬ್ಬಾಗೆ ಆ ವಾಚಿನ ಉಪಯೋಗ ಚೆನ್ನಾಗಿಯೇ ಗೊತ್ತಿತ್ತು. ಅದರ ಗಾಜಿನ ಸುತ್ತ ತಿರುಗೋ ಒಂದು ಬಳೆ ಇದೆ. ಬಳೆ ಮೇಲೆ ಒಂದು ಬಾಣದ ಗುರುತು. ಅಬ್ಬಾನ ತಲೆ ನೀರೊಳಗೆ ಹೋದ ಕೂಡ್ಲೇ ಸೆಕೆಂಡಿನ ಮುಳ್ಳು ಎಲ್ಲಿದೆಯೋ ಅಲ್ಲಿಗೆ ಓಬಳಪ್ಪ ಮಾಮ ಆ ಗುರುತನ್ನ ತಿರುಗಿಸಿ ಇಡ್ತಿದ್ರು. ಮುಳ್ಳು ಒಂದು ಸುತ್ತು ಹಾಕಿ ಮತ್ತೆ ಗುರುತಿಗೆ ಬಂತೋ, ಎಳೀಬೇಕು. ಅಬ್ಬಾ ಕೆಳಗಿನಿಂದ ಹಗ್ಗ ಜಗ್ಗಲಿ ಬಿಡಲಿ, ಫುಟ್‌ವಾಲ್ವ್ ಸಿಗಲಿ ಬಿಡಲಿ, ಎಳೀಬೇಕು. "ಇನ್ನೊಂದು ಚೂರು ಇದ್ದಿದ್ರೆ ಸಿಕ್ತಿತ್ತಲ್ಲೋ" ಅಂತ ಮೇಲೆ ಬಂದ ಅಬ್ಬಾ ಬೈಯ್ತಿದ್ರು. ಮಾಮ ಎಲಡಿಕೆ ಉಗಿದು, "ಗುರುತಿಗೆ ಬಂತು, ಎಳ್ದ್ಬುಟ್ಟೆ. ನಂಗೆ ಅಷ್ಟೇ ತಿಳ್ಯೋದು" ಅಂತಿದ್ರು. ಇಬ್ಬರ ಮಧ್ಯೆ ಇದ್ದ ಕರಾರು ಅದೊಂದೇ.

ನನಗೆ ಆ ವಾಚಿನಲ್ಲಿ ಇಷ್ಟವಾಗಿದ್ದು ಬೇರೆ. ಕತ್ತಲಲ್ಲಿ ಅದರ ಅಂಕಿಗಳು ಹಸಿರಾಗಿ ಹೊಳೀತಿದ್ವು. ಅಬ್ಬಾ ಮಧ್ಯಾಹ್ನ ಊಟ ಮಾಡಿ ಒರಗಿದಾಗ ಅವರ ಕೈಯನ್ನ ನನ್ನ ಕಂಬಳಿಯೊಳಗೆ ಎಳ್ಕೊಂಡು ಆ ಹಸಿರು ನೋಡ್ತಾ ಮಲಗ್ತಿದ್ದೆ. ಅವರ ಕೈಗೆ ಗ್ರೀಸಿನ ವಾಸನೆ, ಬಾವಿ ಪಾಚಿಯ ವಾಸನೆ. ಆ ಹಸಿರಿನ ಹಿಂದೆ ಏನಿದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಮೊದಮೊದಲು ಇಂಥ ಗಡಿಯಾರದ ಬಣ್ಣಕ್ಕೆ ರೇಡಿಯಂ ಬೆರೆಸ್ತಿದ್ರಂತೆ. ಯಾವುದೋ ದೇಶದ ಕಾರ್ಖಾನೇಲಿ ಆ ಬಣ್ಣ ಹಚ್ಚೋ ಹುಡುಗೀರು ಕುಂಚದ ತುದಿ ಚೂಪಾಗಲಿ ಅಂತ ನಾಲಗೆಗೆ ತಾಗಿಸ್ಕೊಂಡು, ದವಡೆ ಕೊಳೆತು ಸತ್ರಂತೆ. ಇದನ್ನ ಓದಿದ ದಿನ ಸೂಜಿಗೆ ದಾರ ಪೋಣಿಸೋಕೆ ಹೋಗಿ ದಾರದ ತುದಿಯನ್ನ ಬಾಯಿಗೆ ಹಾಕ್ಕೊಂಡವಳು ಹಾಗೇ ನಿಂತೆ. ನಮ್ಮ ಕಸುಬಿನಲ್ಲೂ ಅದೇ ಅಭ್ಯಾಸ. ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ.

ಎಲ್ಲಿಂದೆಲ್ಲಿಗೋ ಹೋದೆ. ಹೇಳಬೇಕಾದ ದಿನದ ಸುದ್ದಿ ಬಂದಾಗ ನನ್ನ ನಾಲಗೆ ಹೀಗೇ ತಪ್ಪಿಸ್ಕೊಂಡು ಓಡುತ್ತೆ.

ವೈ.ಎನ್.ಹೊಸಕೋಟೆ ಕಡೆ ಒಂದು ತೋಟದ ಬಾವಿ. ಎಂದಿನ ಹಾಗೆ ಫುಟ್‌ವಾಲ್ವ್ ಕಟ್ಟಿತ್ತು. ಎಂದಿನ ಹಾಗೆ ಅಬ್ಬಾ ವಾಚು ಬಿಚ್ಚಿಕೊಟ್ಟು ಇಳಿದ್ರು. ಮಾಮ ಗುರುತು ತಿರುಗಿಸಿ ಇಟ್ರು. ಸುತ್ತಮುತ್ತಲ ಹೊಲದೋರು ನೋಡೋಕೆ ಬಂದು ಕಟ್ಟೆ ತುಂಬಾ ಮುತ್ತಿಕೊಂಡಿದ್ರು. ಆ ನೂಕಾಟದಲ್ಲಿ ಯಾರದೋ ಮೊಣಕೈ ತಾಗಿ ವಾಚು ಮಾಮನ ಕೈಜಾರಿತು. ಕಟ್ಟೆ ಕಲ್ಲಿಗೆ ಬಡಿದು ಅವರ ಕಾಲ ಹತ್ರ ಬಿತ್ತು. ಅವರು ತಕ್ಷಣ ಎತ್ಕೊಂಡ್ರು. ಮುಳ್ಳು ಓಡ್ತಾನೇ ಇತ್ತು. ಅದು ಗುರುತಿಗೆ ಬರೋವರೆಗೆ ಕಾದ್ರು, ಬಂದ ಕೂಡ್ಲೇ ಎಳೆದ್ರು. ಹಗ್ಗ ಬರಲಿಲ್ಲ. ಒಳಗೆ ಅದು ಪೈಪಿಗೆ ಸುತ್ಕೊಂಡಿತ್ತು. ಅಬ್ಬಾ ಜಗ್ಗಿದ್ರೋ ಏನೋ, ಜಗ್ಗಿದ್ದು ಮೇಲಕ್ಕೆ ಮುಟ್ಟಿರಲಿಲ್ಲ. ಈಜು ಸರಿಯಾಗಿ ಬಾರದ ಓಬಳಪ್ಪ ಮಾಮ ಹಾಗೇ ಹಾರಿದ್ರು. ಹಾರೋ ಮುಂಚೆ, ಅಂಥ ಹೊತ್ತಲ್ಲೂ, ವಾಚನ್ನ ಕಟ್ಟೆ ಮೇಲಿಟ್ಟು ಹಾರಿದ್ರಂತೆ. ಹೊಲದೋರು ಇಬ್ಬರನ್ನೂ ಮೇಲೆತ್ತೋ ಹೊತ್ತಿಗೆ ಅಬ್ಬಾನ ಉಸಿರು ನಿಂತುಹೋಗಿತ್ತು.

ಟೆಂಪೋದಲ್ಲಿ ಅಬ್ಬಾನ್ನ ಮನೆಗೆ ತಂದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಮಾಮನ ಮೈಯಿಂದ ನೀರು ತೊಟ್ಟಿಕ್ತಿತ್ತು. ವಾಚು ಮಾತ್ರ ಕರ್ಚೀಫಿನಲ್ಲಿ ಬೆಚ್ಚಗೆ, ಒಣಗಿತ್ತು. ಅಮ್ಮಿ ಕೈಗೆ ಅದನ್ನ ಕೊಟ್ಟು, "ಗುರುತಿಗೆ ಬಂದಾಗ್ಲೇ ಎಳ್ದೆ ಕಣಮ್ಮ. ಬಿದ್ದಾಗ ಬಳೆ ತಿರುಗಿತ್ತೋ ಏನೋ, ನಂಗೆ ತಿಳೀದು" ಅಂದ್ರು. ಆಮೇಲೆ ಅವರು ಮಾತಾಡಿದ್ದೆಲ್ಲ ಅದೇ ಮಾತು. ಮಣ್ಣು ಮಾಡಿ ಬಂದ ಮೇಲೂ ಅದೇ, ನಲವತ್ತನೇ ದಿನದ ಫಾತಿಹಾಕ್ಕೆ ಬಂದಾಗಲೂ ಅದೇ. ಗುರುತು ಮುಂದಕ್ಕೆ ಸರಿದಿದ್ರೆ ಮುಳ್ಳು ತಡವಾಗಿ ಮುಟ್ಟಿರುತ್ತೆ, ಎಳೆದದ್ದೂ ತಡ ಆಗಿರುತ್ತೆ. ಹಿಂದಕ್ಕೆ ಸರಿದಿದ್ರೆ ಬೇಗನೇ ಎಳೆದ ಹಾಗಾಗುತ್ತೆ. ಸರಿದೇ ಇಲ್ಲದಿದ್ರೆ ಹಣೆಬರಹ. ಈ ಮೂರರಲ್ಲಿ ಯಾವುದು ಅನ್ನೋದೇ ಆ ಮನುಷ್ಯನ್ನ ತಿಂದು ಹಾಕ್ತು.

ಕಸುಬು ಬಿಟ್ಟು ಊರಿಗೆ ಹೋದ್ರು. ಬದುಕಿನಲ್ಲಿ ಮತ್ತೆ ಹಗ್ಗ ಮುಟ್ಟಲಿಲ್ಲ. ಹಸು ಕಟ್ಟೋ ಹಗ್ಗಾನೂ ಅವರ ಹೆಂಡತಿ ಲಚ್ಚಮ್ಮಕ್ಕನೇ ಹಿಡೀಬೇಕು. ಆದರೆ ಪ್ರತಿ ರಂಜಾನಿಗೂ ಒಂದು ಚೀಲ ಕಡಲೇಕಾಯಿ ಹೊತ್ಕೊಂಡು ಶಿರಾಕ್ಕೆ ಬರ್ತಿದ್ರು. ಹೊಸಲಿನ ಹೊರಗೆ ಚೀಲ ಇಳಿಸಿ, ಟವಲಿನಿಂದ ಮುಖ ಒರಸ್ಕೊಂಡು, ಹಾಗೇ ನಿಲ್ತಿದ್ರು. "ಒಳಗೆ ಬಾಪ್ಪ" ಅಂತ ಅಮ್ಮಿ ಪ್ರತಿ ಸಲವೂ ಕರೀತಿದ್ಲು. "ಇಲ್ಲೇ ಸರಿ ಕಣಮ್ಮ" ಅಂತ ಅವರು ಪ್ರತಿ ಸಲವೂ ಹೇಳ್ತಿದ್ರು. ನಾವು ಮಾಡಿದ ಹಾಲು ಶಾವಿಗೆಯ ಶೀರ್ ಖುರ್ಮಾನ ಬಾಗಿಲಾಚೆ ನಿಂತೇ ಕುಡಿದು, ಲೋಟ ತೊಳೆದು ಬೋರಲು ಹಾಕಿ ಬಸ್ಸಿಗೆ ಹೋಗ್ತಿದ್ರು. ಅಬ್ಬಾ ಇದ್ದಾಗ ಇದೇ ಮನುಷ್ಯ ಅಡುಗೆಮನೆವರೆಗೂ ನುಗ್ಗಿ, "ಏನಮ್ಮ ಬೂಬಮ್ಮ, ಇವತ್ತು ಏನ್ ಸಾರು?" ಅಂತ ಪಾತ್ರೆ ಮುಚ್ಚಳ ತೆಗೆದು ನೋಡ್ತಿದ್ದವರು.

ಹಬ್ಬದ ದಿನ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತೇ ಹೋದ್ರೆ ಮನೆಯೊಳಗಿರೋರಿಗೂ ತುತ್ತು ಇಳಿಯಲ್ಲ. ಆ ಕಡಲೇಕಾಯಿ ಸುಲಿಯೋಕೆ ಕೂತ್ರೆ ನನಗೆ ಅಳು ಬರ್ತಿತ್ತು, ಅಳುವಿನ ಹಿಂದೇ ಸಿಟ್ಟು. ಆ ಸಿಟ್ಟು ಯಾರ ಮೇಲೆ ಅಂತ ನನಗೇ ತಿಳೀತಿರಲಿಲ್ಲ.

ಹೋದ ವರ್ಷ ಅಮ್ಮಿ ತೀರಿಕೊಂಡ್ಲು. ಅವಳ ತಗಡಿನ ಟ್ರಂಕು ತೆಗೆದಾಗ ತಳದಲ್ಲಿ, ಅದೇ ಕರ್ಚೀಫಿನಲ್ಲಿ ಮುಳುಗು ವಾಚು ಸಿಕ್ತು. ಅದಕ್ಕೆ ಕೀಲಿ ಕೊಡೋ ಹಾಗಿಲ್ಲ. ಕೈ ಅಲ್ಲಾಡಿದ್ರೆ ಸಾಕು, ತಾನೇ ನಡೆಯುತ್ತೆ. ಕೈ ನಿಂತ್ರೆ ಒಂದೆರಡು ದಿನ ನೋಡಿ ಅದೂ ನಿಲ್ಲುತ್ತೆ. ನಾನು ಎತ್ಕೊಂಡಿದ್ದೇ ತಡ, ಇಷ್ಟು ವರ್ಷ ಸತ್ತು ಬಿದ್ದಿದ್ದು ಟಿಕಟಿಕ ಅಂತು. ಹೆದರಿ ಕೈಬಿಟ್ಟೆ. ಪುಣ್ಯಕ್ಕೆ ಕೆಳಗೆ ಅಮ್ಮಿಯ ಸೀರೆಗಳಿದ್ವು.

ನನ್ನ ಮಗಳು ರೇಷ್ಮಾ ವಾಚಿನ ಹಿಂದೆ ಕೆತ್ತಿದ್ದನ್ನ ಫೋನಿನಲ್ಲಿ ಹುಡುಕಿ ಅದರ ಚರಿತ್ರೆಯನ್ನೇ ನನ್ನ ಮುಂದೆ ಸುರಿದ್ಲು. ಕೇಳಿ ಬೆರಗಾದೆ. ಸ್ವಿಟ್ಜರ್ಲೆಂಡಿಗೆ ಸಮುದ್ರವೇ ಇಲ್ವಂತೆ! ಸುತ್ತ ಬರೀ ಬೆಟ್ಟವಂತೆ, ನಮ್ಮ ಮಧುಗಿರಿ ಏಕಶಿಲೆಯ ಮೇಲೆ ಹಿಮ ಸುರಿದ ಹಾಗೆ. ಆದರೂ ಪ್ರಪಂಚದ ಮುಳುಗುಗಾರರಿಗೆಲ್ಲ ವಾಚು ಮಾಡಿಕೊಟ್ಟವರು ಅವರೇ. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ, ಬೆನ್ನಿಗೆ ಗಾಳಿ ಡಬ್ಬ ಕಟ್ಕೊಂಡು ಇಳಿಯೋದು ಶುರುವಾದಾಗ, ಡಬ್ಬದಲ್ಲಿ ಇನ್ನೆಷ್ಟು ಹೊತ್ತಿನ ಉಸಿರಿದೆ ಅಂತ ತಿಳಿಯದೆ ಜನ ಒಳಗೇ ಉಳಿದುಬಿಡ್ತಿದ್ರಂತೆ. ವಾಚು ಮಾಡೋರಲ್ಲೇ ಒಬ್ಬ ಮುಳುಗೋ ಹುಚ್ಚಿನವನು, ತಾನೂ ಹಾಗೆ ಸಿಕ್ಕಿಕೊಂಡು, ಹೇಗೋ ಜೀವ ಉಳಿಸ್ಕೊಂಡು ಬಂದ ಮೇಲೆ ಇಂಥದ್ದೊಂದು ಬಳೆ ಇಡೋ ಯೋಚನೆ ಮಾಡಿದನಂತೆ. ನೌಕಾಪಡೆಯೋರು ಅಂಥ ವಾಚನ್ನ ಕಟ್ಕೊಂಡ್ರಂತೆ. ಅಂದ್ರೆ ಈ ವಾಚು ಹುಟ್ಟಿದ್ದೇ ಉಸಿರು ಕಟ್ಟಿದ ಒಬ್ಬನ ಭಯದಿಂದ.

ಆಮೇಲೆ ರೇಷ್ಮಾ ಒಂದು ಮಾತು ಓದಿದ್ಲು. "ಅಮ್ಮಿ, ಈ ಬಳೆ ಒಂದೇ ಕಡೆಗೆ ತಿರುಗೋದಂತೆ. ಹಿಂದಕ್ಕೆ ಮಾತ್ರ. ಬಂಡೆಗಿಂಡೆ ತಾಗಿ ಅಕಸ್ಮಾತ್ ತಿರುಗಿದ್ರೂ ಉಳಿದಿರೋ ಟೈಮಿಗಿಂತ ಕಡಿಮೆ ತೋರಿಸ್ಬೇಕೇ ಹೊರತು ಜಾಸ್ತಿ ತೋರಿಸ್ಬಾರದು ಅಂತ ಹಾಗೆ ಮಾಡಿದ್ದಂತೆ."

ನಾನು ಕತ್ತರಿ ಕೆಳಗಿಟ್ಟೆ. "ಇನ್ನೊಂದ್ಸಲ ಓದು" ಅಂದೆ. ಓದಿದ್ಲು. ಹಿಂದಕ್ಕೆ ಮಾತ್ರ! ಅಂದ್ರೆ ಕಟ್ಟೆ ಕಲ್ಲಿಗೆ ಬಡಿದಾಗ ಗುರುತು ಸರಿದಿದ್ರೂ ಹಿಂದಕ್ಕೇ ಸರಿದಿರಬೇಕು. ಮಾಮ ಎಳೆದದ್ದು ಬೇಗನೇ ಆಗಿರಬೇಕು, ತಡ ಆಗೋಕೆ ಸಾಧ್ಯವೇ ಇಲ್ಲ. ಅಯ್ಯೋ ದೇವರೇ, ಇದನ್ನ ಮೊದಲೇ ಯಾರಾದ್ರೂ ಹೇಳಬಾರದಿತ್ತಾ! ಒಂದು ಸಲ ಆ ಮನುಷ್ಯ ನಮ್ಮ ಹೊಸಲು ದಾಟಿ, ಒಳಗೆ ಬಂದು, ಚಾಪೆ ಮೇಲೆ ಕೂತು ಉಂಡು ಹೋಗಲಿ. ನನಗೆ ಈ ಜನ್ಮದಲ್ಲಿ ಬೇಕಾಗಿದ್ದು ಅಷ್ಟೇ.

ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಬುದ್ಧಿ ನಂದು. ಬಳೆ ತಿರುಗಿಸಿ ನೋಡಬೇಕು ಅಂತ ಹೊಳೀಲೇ ಇಲ್ಲ. ಹೊಳೆದಿದ್ರೂ ಅದು ಅಬ್ಬಾನ ಗ್ರೀಸು, ಮಣ್ಣು ಸೇರಿ ಕಲ್ಲಾಗಿ ಕೂತಿತ್ತು. ಆಗಿಂದಾಗಲೇ ಮಾಮನಿಗೆ ಫೋನ್ ಮಾಡಿದೆ. ಒಂದೇ ಉಸಿರಲ್ಲಿ ಎಲ್ಲಾ ಒದರಿದೆ. ಆ ಕಡೆ ಎಲ್ಲೋ ಕೋಳಿ ಕೂಗ್ತಿತ್ತು.

"ಒಂದೇ ಕಡೀಕಾ?" ಅಂದ್ರು ಕೊನೆಗೆ.

"ಹೂಂ ಮಾಮ, ಹಿಂದಕ್ಕೆ ಮಾತ್ರ. ನಿಮ್ದೇನೂ ತಪ್ಪಿಲ್ಲ."

"ತಗಂಬಾ ಕಣಮ್ಮ. ನೋಡ್ತೀನಿ."

ಮಾರನೇ ದಿನ ಅಂಗಡಿ ಬಾಗಿಲು ಹಾಕಿ ಹೊರಟೆ. ಮಧುಗಿರೀಲಿ ಬಸ್ಸು ಬದಲಿಸಿ ಪಾವಗಡದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ತು. ವಾಚು ಕೈಲಿ. ಮಾಮ ನೋಡುವಾಗ ಬಳೆ ಸಲೀಸಾಗಿ ತಿರುಗಲಿ ಅಂತ ಸೆರಗಿಗೆ ಸಿಕ್ಕಿಸಿದ್ದ ಸೂಜಿ ತೆಗೆದು ಅಂಚಿನ ಕೊಳೆ ಕೆದಕ್ತಾ ಕೂತೆ. ಮಿಡಿಗೇಶಿ ದಾಟೋ ಹೊತ್ತಿಗೆ ಬಳೆ ಅಲುಗಾಡ್ತು. ಹಿಂದಕ್ಕೆ ತಿರುಗಿಸಿದೆ. ಕಿರ್ ಅಂತ ತಿರುಗ್ತು. ನನಗೆ ನಾನೇ ಶಹಬ್ಬಾಸ್ ಅಂದ್ಕೊಂಡೆ. ಮುಂದಕ್ಕೆ ಹೋಗಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಣ ಅಂತ ಹೆಬ್ಬೆರಳನ್ನ ಆ ಕಡೆಗೆ ಒತ್ತಿದೆ.

ಮುಂದಕ್ಕೂ ತಿರುಗ್ತು. ಅಷ್ಟೇ ಸಲೀಸಾಗಿ.

ಮತ್ತೆ ತಿರುಗಿಸಿದೆ, ಮತ್ತೆ ಹೋಯ್ತು. ರೇಷ್ಮಾಗೆ ಫೋನ್ ಮಾಡಿ ಬೈದೆ. ಅವಳು ಆ ಬರಹವನ್ನ ಮೊದಲಿನಿಂದ ಮತ್ತೆ ಓದಿದ್ಲು. ಹಳೇ ಕಾಲದವು ಎರಡು ಕಡೆಗೂ ತಿರುಗ್ತಿದ್ವಂತೆ. ಒಂದೇ ಕಡೆಗೆ ತಿರುಗೋ ಹಾಗೆ ಮಾಡಿದ್ದು ಎಷ್ಟೋ ವರ್ಷ ಕಳೆದ ಮೇಲಂತೆ. ಬಡೇ ಅಬ್ಬಾಗೆ ಆ ಮುಳುಗುಗಾರ ಕೊಟ್ಟಿದ್ದೇ ಹಳೇದು. "ಸಾರಿ ಅಮ್ಮಿ, ಆ ಸಾಲು ನೋಡಿರಲಿಲ್ಲ" ಅಂದ್ಲು. ಅವಳದೇನು ತಪ್ಪು? ಫೋನ್ ಇಟ್ಟೆ.

ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸ್ತು. ಆದರೆ ಆ ಮುದುಕ ಬೆಳಗ್ಗೆಯಿಂದ ಜಗಲಿ ಮೇಲೆ ಕೂತಿರ್ತಾರೆ ಅಂತ ಗೊತ್ತು. ನಾನು ಹೋಗದಿದ್ರೆ, ಬಳೆ ಎರಡು ಕಡೆಗೂ ತಿರುಗುತ್ತೆ ಅಂತ ಹೇಳಿದ ಹಾಗೇ ತಾನೇ? ಕಿಟಕಿ ಆಚೆ ಬರೀ ಬಂಡೆ, ಜಾಲಿ, ನೀರಿಲ್ಲದ ಕೆರೆ. ನಡುವೆ ಆಂಧ್ರದ ಬೋರ್ಡುಗಳು ಬಂದ್ವು, ಹೋದ್ವು. ದಾರಿಯುದ್ದಕ್ಕೂ ವಾಚು ನನ್ನ ಕೈಲಿ ಟಿಕಟಿಕ ಅಂತಲೇ ಇತ್ತು. ಬಸ್ಸಿನ ಕುಲುಕಾಟಕ್ಕೆ ಅದಕ್ಕೆ ಹೊಸ ಜೀವ ಬಂದಿತ್ತು.

ನಿಡುಗಲ್ಲು ಬೆಟ್ಟದ ಬುಡದಲ್ಲಿ ಅವರ ಮನೆ. ಲಚ್ಚಮ್ಮಕ್ಕ ಹಸು ಹಿಡ್ಕೊಂಡು ಎದುರಿಗೇ ಬಂದ್ರು. "ಬಾಮ್ಮ ನೂರಮ್ಮ, ಬಾಗುನ್ನಾವಾ, ಚೆನ್ನಾಗಿದೀಯಾ? ನಿಮ್ಮ ಮಾಮ ಬೆಳಗಾಗೆದ್ದಾಗಿಂದ ನೀರೂ ಮುಟ್ಟಿಲ್ಲ ನೋಡು" ಅಂದ್ರು. ಮಾಮ ಜಗಲಿ ಮೇಲಿದ್ರು. ಒಗೆದ ಪಂಚೆ ಉಟ್ಟಿದ್ರು, ಗಡ್ಡ ಬೋಳಿಸ್ಕೊಂಡಿದ್ರು. ಹಬ್ಬಕ್ಕೆ ಬರುವಾಗಲೂ ಅವರು ಅಷ್ಟು ಅಚ್ಚುಕಟ್ಟಾಗಿ ಬಂದದ್ದಿಲ್ಲ.

ಕಾಫಿ ಬಂತು. ಯಾರೂ ಕುಡೀಲಿಲ್ಲ.

"ಎಲ್ಲಿ ತಿರುಗ್ಸು" ಅಂದ್ರು.

ಕರ್ಚೀಫು ಬಿಚ್ಚಿದೆ. ಹಿಂದಕ್ಕೆ ತಿರುಗಿಸಿದೆ. ಕಿರ್, ಕಿರ್.

"ಆ ಕಡೀಕೆ?"

ಹೆಬ್ಬೆರಳನ್ನ ಬಳೆ ಮೇಲಿಟ್ಟು, ಉಳಿದ ಬೆರಳುಗಳಿಂದ ಅದು ಅಲ್ಲಾಡದ ಹಾಗೆ ಅಮುಕಿ ಹಿಡಿದು, ಮುಖ ಕಿವುಚಿ ಒತ್ತಿದೆ. ಉಗುರು ಬೆಳ್ಳಗಾಯ್ತು. "ಬರಲ್ಲ ಮಾಮ. ನೋಡಿ, ಎಷ್ಟು ಒತ್ತಿದ್ರೂ ಬರಲ್ಲ. ನಾನು ಹೇಳ್ಲಿಲ್ವಾ? ಒಂದೇ ಕಡೆಗೆ."

ಅವರು ನನ್ನ ಕೈಯನ್ನೇ ನೋಡ್ತಿದ್ರು. ಆಮೇಲೆ ನನ್ನ ಮುಖ ನೋಡಿದ್ರು. ಆಮೇಲೆ ಕೈ ಚಾಚಿದ್ರು. ಕೊಡದೆ ವಿಧಿ ಇರಲಿಲ್ಲ, ಕೊಟ್ಟೆ. ಅದನ್ನ ಕಿವಿ ಹತ್ರ ಹಿಡಿದು ಕೇಳಿಸ್ಕೊಂಡ್ರು. ಹೆಬ್ಬೆಟ್ಟನ್ನ ಬಳೆ ಮೇಲೆ ಇಟ್ರು. ಈಗ ತಿರುಗಿಸ್ತಾರೆ, ಮುಗೀತು, ಇಷ್ಟು ವರ್ಷದ ಸಂಶಯಾನ ನಾನೇ ನಿಜ ಮಾಡಿಕೊಟ್ಟ ಹಾಗಾಯ್ತು ಅಂತ ಕಣ್ಣು ಮುಚ್ಚಿದೆ. ಕಿರ್ ಅನ್ನೋ ಸದ್ದು ಬರಲಿಲ್ಲ. ಕಣ್ಣು ಬಿಟ್ರೆ ಅವರು ವಾಚನ್ನ ಕರ್ಚೀಫಿನಲ್ಲಿ ಸುತ್ತುತ್ತಿದ್ರು, ಅಬ್ಬಾ ಸುತ್ತುತ್ತಿದ್ದ ಹಾಗೇ.

"ತಗಳಮ್ಮ. ಜೋಪಾನ" ಅಂದ್ರು. ಕಾಫಿ ಲೋಟ ಎತ್ತಿ, ಆರಿದ್ದನ್ನೇ ಒಂದೇ ಗುಟುಕಿಗೆ ಕುಡಿದ್ರು. "ಈ ಸಾರಿ ಹಬ್ಬಕ್ಕೆ ಬತ್ತೀನಿ. ಒಳಕ್ಕೆ ಬತ್ತೀನಿ."

ವಾಪಸ್ ಬರೋ ಬಸ್ಸಿನಲ್ಲಿ ನಾನು ಅತ್ತಿದ್ದನ್ನ ನೋಡಿ ಪಕ್ಕದವಳು ಗಂಡನ ಮನೇಲಿ ಏನೋ ಆಗಿರಬೇಕು ಅಂದ್ಕೊಂಡು ನನಗೆ ಅರ್ಧ ಸೀಬೆಹಣ್ಣು ಕೊಟ್ಲು. ಖುಷಿಗೆ ಅತ್ತದ್ದಲ್ಲ. ಅಬ್ಬಾನ ಸಾವಿನ ಮೇಲೆ ಒಂದು ಸುಳ್ಳು ಹೊಲಿದು ಮುಚ್ಚಿ ಬಂದಿದ್ದೆ. ಅದೂ ನಮ್ಮ ಮನೆಯಲ್ಲಿ ಒಂದು ದಿನಕ್ಕೂ ಸುಳ್ಳು ಹೇಳದ ಮನುಷ್ಯನಿಗೆ. ಹೊಲಿಗೆ ಬಿಚ್ಚಿಕೊಂಡ್ರೆ ಏನು ಗತಿ ಅಂತ ಆಮೇಲಿನ ತಿಂಗಳುಗಳೆಲ್ಲ ಹೆದರಿಕೆ. ವಾಚನ್ನ ಎಲ್ಲಾದ್ರೂ ಬಿಸಾಕಿಬಿಡೋಣ ಅಂದ್ಕೊಂಡೆ. ಅಬ್ಬಾನ ಬಾವಿಗೇ ಹಾಕೋಣ, ನಮ್ಮ ಮನೆಗೆ ಬಂದ ಮೇಲೆ ಒಂದು ಸಲವಾದ್ರೂ ಅದು ನೀರು ನೋಡಲಿ ಅಂತ ಆ ತೋಟ ವಿಚಾರಿಸಿದ್ರೆ, ಬಾವಿ ಬತ್ತಿ ಎಷ್ಟೋ ಕಾಲವಾಯ್ತಂತೆ. ಕಸ, ಮುಳ್ಳು ತುಂಬಿ ಅರ್ಧ ಮುಚ್ಚಿ ಹೋಗಿದೆಯಂತೆ. ಅಬ್ಬಾನ್ನ ನುಂಗಿದ ಬಾವೀಲಿ ಒಂದು ವಾಚು ನೆನೆಯೋಷ್ಟು ನೀರಿಲ್ಲ.

ರಂಜಾನ್ ಬಂತು. ಮಾಮ ಬಂದ್ರು. ಹೊಸಲಿನ ಹೊರಗೆ ಚೀಲ ಇಳಿಸಿದ್ರು. ಟವಲಿನಿಂದ ಮುಖ ಒರಸ್ಕೊಂಡ್ರು. ಹಾಗೇ ನಿಂತ್ರು. "ಒಳಗೆ ಬನ್ನಿ ಮಾಮ" ಅಂದೆ. ಅಮ್ಮಿಯ ದನಿಯೇ ನನ್ನ ಬಾಯಿಂದ ಬಂತು. ಅವರು ಬಗ್ಗಿ ಚಪ್ಪಲಿ ಬಿಟ್ರು. ಒಳಗೆ ಬಂದ್ರು. ಗೋಡೆಗೆ ಒರಗಿ ಚಾಪೆ ಮೇಲೆ ಕೂತ್ರು. ಅಡುಗೆಮನೆ ಕಡೆ ಒಂದು ಸಲ ನೋಡಿ, ಅಲ್ಲಿ ಅಮ್ಮಿ ಇಲ್ಲ ಅನ್ನೋದು ಆಗ ನೆನಪಾದವರ ಹಾಗೆ ತಲೆ ತಗ್ಗಿಸಿದ್ರು.

ಬಟ್ಟಲಲ್ಲಿ ಶೀರ್ ಖುರ್ಮಾ ಕೊಟ್ಟೆ. ನಿಧಾನಕ್ಕೆ ತಿಂದ್ರು. ನಾನು ಸುಮ್ಮನಿರಲಾರದೆ ಕಡಲೇಕಾಯಿ ಬೆಳೆ, ಲಚ್ಚಮ್ಮಕ್ಕನ ಮೊಣಕಾಲು ನೋವು, ಬಸ್ಸಿನ ರಶ್ಶು, ಎಲ್ಲದರ ಬಗ್ಗೆ ಬಡಬಡ ಮಾತಾಡ್ತಿದ್ದೆ. ವಾಚಿನ ಸುದ್ದಿ ಎತ್ತಲಿಲ್ಲ. ಬಟ್ಟಲು ಖಾಲಿ ಮಾಡಿ ಕೆಳಗಿಟ್ಟು ಅವರೇ ಎತ್ತಿದ್ರು.

"ಆ ಬಳೆ ಎರಡು ಕಡೀಕೂ ತಿರುಗ್ತದೆ ನೂರಮ್ಮ."

ಬಟ್ಟಲು ಎತ್ತೋಕೆ ಬಗ್ಗಿದವಳು ಅಲ್ಲೇ ಕೂತುಬಿಟ್ಟೆ.

"ಅವತ್ತು ಟೆಂಪೋದಾಗೆ ನಿಮ್ಮಪ್ಪನ ತಲೆ ತೊಡೆ ಮ್ಯಾಲಿಕ್ಕಂಡು ಬರೋವಾಗ ದಾರಿಯುದ್ದಕ್ಕೂ ತಿರುಗ್ಸಿ ತಿರುಗ್ಸಿ ನೋಡಿದೀನಿ. ಹಿಂದ್ಕೂ ಹೋಗ್ತಿತ್ತು, ಮುಂದ್ಕೂ ಹೋಗ್ತಿತ್ತು. ಕಲ್ಲಿಗೆ ಬಡ್ದಾಗ ಎತ್ಲಾಗೆ ಹೋಗಿತ್ತೋ ಆ ದೇವರೇ ಬಲ್ಲ."

"ಮತ್ತೆ ಫೋನಿನಲ್ಲೇ ಹೇಳಬಾರದಿತ್ತಾ ಮಾಮ? ಅಷ್ಟು ದೂರ ಯಾಕೆ ಕರೆಸ್ಕೊಂಡ್ರಿ?"

"ನಾನೇ ತಪ್ಪು ನೋಡಿರಬೌದು, ಆವಾಗ ಕಣ್ಣಾಗೆಲ್ಲ ನೀರಿತ್ತು ಅನ್ಕಂಡೆ. ಒಂದು ಆಸೆ. ನೀನು ಉಗುರು ಬೆಳ್ಳಗಾಗಂಗೆ ಅಮುಕಿ ಹಿಡ್ದು, ಬರಲ್ಲ ಬರಲ್ಲ ಅಂದ್ಯಲ್ಲ, ಆವಾಗ ತಿಳೀತು." ಟವಲಿನಿಂದ ಬಾಯಿ ಒರಸ್ಕೊಂಡ್ರು. "ಅಪ್ಪನ್ನ ಕಳಕಂಡ ಮಗಳು ನಂಗೋಸ್ಕರ ಇಷ್ಟು ದೂರ ಬಂದು ಸುಳ್ಳು ಹೇಳ್ತಾವ್ಳೆ. ಇನ್ನೂ ಎಷ್ಟು ದಿನ ಬಾಗಿಲಾಗೇ ನಿಲ್ಲನ? ಅದ್ಕೇ ಒಳಕ್ಕೆ ಬಂದೆ ಕಣಮ್ಮ. ವಾಚಿಗೋಸ್ಕರ ಬರ್ಲಿಲ್ಲ."

ಬಟ್ಟಲನ್ನ ನನ್ನ ಕಡೆ ತಳ್ಳಿದ್ರು.

"ಇನ್ನೊಂದೀಟು ಹಾಕು. ಸಕ್ಕರೆ ಜಾಸ್ತಿ ಮಾಡಿದೀಯ, ನಿಮ್ಮಮ್ಮ ಇಷ್ಟು ಹಾಕ್ತಿರ್ಲಿಲ್ಲ."

ಸೌಟು ತಗೊಂಡು ಬಡಿಸೋಕೆ ಹೋದೆ. ಬಟ್ಟಲು ತುಂಬಿ ಚಾಪೆ ಮೇಲೆ ಚೆಲ್ಲೋವರೆಗೂ ಹಾಕ್ತಾನೇ ಇದ್ದೆ.